ನನ್ನ ಮುಖಕ್ಕೊಂದು ಬೇರೆ ಸಾಲು

ಆಸ್ಪತ್ರೆಗೆ ನನ್ನನ್ನು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಕೆಲವರು ಬಾಗಿಲಲ್ಲೇ ಹೇಳಿದರು. ಕೆಲವರು ಸೇಬಿನ ಚೀಲವನ್ನು ಮಂಚದ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಒಂದು ನಿಟ್ಟುಸಿರು ಬಿಟ್ಟ ಮೇಲೆ ಹೇಳಿದರು: "ಪುಣ್ಯಾಕ ನಿನ್ನ ಲಗ್ನ ಆಗೇತಿ."

ನನ್ನ ಲಗ್ನವಾಗಿ ಎಷ್ಟೋ ವರ್ಷವಾಗಿತ್ತು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಎಡಗಿವಿಯ ಕೆಳಗಿನಿಂದ ತುಟಿಯ ತುದಿಯವರೆಗೆ ಹೊಲಿಗೆ ಹಾಕಿಸಿಕೊಂಡು, ಬಾಯಿ ತೆರೆಯಲಾಗದೆ ಮಲಗಿದ್ದ ನಾನು ಕಣ್ಣು ಮುಚ್ಚಿ ತೆರೆದು ಹೌದೆನ್ನುತ್ತಿದ್ದೆ. ಪಾಪ, ಸಮಾಧಾನ ಹೇಳಲು ಬಂದವರು. ಅವರಿಗಾದರೂ ಬೇರೆ ಮಾತು ಎಲ್ಲಿ ಸಿಗಬೇಕು?

ಈಗ ಗಾಯ ಮಾಗಿದೆ, ಕೇಸೂ ಮುಗಿದಿದೆ. ಇಂಥದ್ದೇ ಗುರುತು ಹೊತ್ತು ಯಾವುದೋ ದವಾಖಾನೆಯ ಬೆಂಚಿನ ಮೇಲೆ ಕೂತಿರುವ ಹೆಣ್ಣುಮಗಳೊಬ್ಬಳ ಕೈಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅವತ್ತು ನಾನು ತವರೂರು ಕಮತಗಿಯಿಂದ ಇಳಕಲ್‌ಗೆ ಹೊರಟಿದ್ದೆ. ಬಸ್ಸು ತಪ್ಪಿತ್ತು, ಮಂದಿ ತುಂಬಿಕೊಂಡು ಓಡುವ ಟಂಟಂ ಆಟೊ ಹತ್ತಿದೆ. ಅಂಚಿನ ಸೀಟು ಸಿಕ್ಕಿತು. ಮಡಿಲಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಅಮೀನಗಡ ದಾಟಿದ ಮೇಲೆ ಎದುರಿನಿಂದ ಕಲ್ಲಿನ ಹಲಗೆಗಳನ್ನು ಹೇರಿಕೊಂಡು ಬರುತ್ತಿದ್ದ ಗಾಡಿಯೊಂದು ಮುಂದಿದ್ದ ಬಂಡಿಯನ್ನು ದಾಟಲು ಹೋಗಿ ನಮ್ಮ ಮೈಮೇಲೆಯೇ ಬಂತು. ನನಗೆ ನೆನಪಿರುವುದು ಆ ಡಬ್ಬಿ ಡಾಂಬರಿನ ಮೇಲೆ ಉರುಳುತ್ತ ಹೋದ ಸದ್ದು ಮಾತ್ರ. ಉಳಿದವರು ತರಚು ಗಾಯದಲ್ಲಿ ಪಾರಾದರು. ನನ್ನ ಕೆನ್ನೆಯನ್ನು ತಗಡಿನ ಅಂಚು ಸೀಳಿತ್ತು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ನನ್ನ ವಾರ್ಡಿನ ಆಯಾ ಒಬ್ಬಳಿದ್ದಳು. ರಕ್ತ ಹೆಪ್ಪುಗಟ್ಟಿ ಹಗ್ಗದಂತಾಗಿದ್ದ ನನ್ನ ಕೂದಲನ್ನು ಕತ್ತರಿಸಿಬಿಡು ಎಂದು ನರ್ಸ್ ಹೇಳಿದರೂ ಅವಳು ಕೇಳಲಿಲ್ಲ. ಮನೆಯಿಂದ ಕೊಬ್ಬರಿ ಎಣ್ಣೆ ತಂದು, ಊಟದ ಬಿಡುವಿನಲ್ಲಿ ಎಳೆ ಎಳೆಯಾಗಿ ಬಿಡಿಸಿದಳು. ಬಿಡಿಸುತ್ತ ತನ್ನ ಗಂಡನನ್ನು, ಗಂಡನ ಅಣ್ಣನನ್ನು, ಊರಿನ ನಲ್ಲಿ ನೀರನ್ನು ಸಾಲಾಗಿ ಬೈದಳು. ನನ್ನ ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ದಿನಗಳಲ್ಲಿ ನನ್ನೊಡನೆ ಬೇರೆ ವಿಷಯ ಮಾತಾಡಿದವಳು ಅವಳೊಬ್ಬಳೇ.

ಹೊಲಿಗೆ ಬಿಚ್ಚಿದಾಗ ತೆಳ್ಳಗಿನ ಕೆಂಪು ಗೆರೆ ಇತ್ತು. ಇಷ್ಟೇನಾ ಎಂದುಕೊಂಡೆ. ಆದರೆ ನನ್ನ ಚರ್ಮದ ಗುಣವೇ ಹಾಗೆ ಎಂದರು ಡಾಕ್ಟರು. ಕೆಲವೇ ತಿಂಗಳಲ್ಲಿ ಗೆರೆ ಉಬ್ಬಿ, ಗಂಟುಗಂಟಾಗಿ, ತುಟಿಯ ತುದಿಯನ್ನು ಮೇಲಕ್ಕೆ ಎಳೆದು ಹಿಡಿಯಿತು. ಚಹಾ ಕುಡಿಯುವಾಗ ಆ ಕಡೆಯಿಂದ ಸೋರುತ್ತಿತ್ತು. ಗಂಟಿನೊಳಗೇ ಇಂಜೆಕ್ಷನ್ ಕೊಡಿಸಿಕೊಳ್ಳಲು ಬಾಗಲಕೋಟೆಯ ಚರ್ಮದ ಡಾಕ್ಟರ ಬಳಿಗೆ ಓಡಾಟ ಶುರುವಾಯಿತು. ಅಲ್ಲಿ ಕಾಯುತ್ತ ಕೂತಾಗ ಒಂದು ಗಮನಿಸಿದೆ. ಎಡ ಕೆನ್ನೆಯಲ್ಲಿ ಏನಾದರೂ ಇದ್ದವರು ಬೆಂಚಿನ ಎಡ ತುದಿಗೆ, ಆ ಕೆನ್ನೆ ಗೋಡೆಯ ಕಡೆ ಇರುವಂತೆ ಕೂಡುತ್ತಿದ್ದರು. ಬಲಗಡೆ ಇದ್ದವರು ಬಲ ತುದಿಗೆ. ನಡುವಿನ ಜಾಗ ಯಾವಾಗಲೂ ಖಾಲಿ. ಒಮ್ಮೆ ನಾನು ಹೋದಾಗ ಎಡ ತುದಿಯಲ್ಲಿ ರಾಮಥಾಳದ ಹುಡುಗಿಯೊಬ್ಬಳು ಕೂತಿದ್ದಳು. ನನ್ನನ್ನು ನೋಡಿ ಒಂದಿಷ್ಟು ಸರಿದು ಗೋಡೆಯ ಜಾಗ ನನಗೆ ಬಿಟ್ಟಳು. ನನ್ನದಕ್ಕಿಂತ ಅವಳ ಗುರುತೇ ದೊಡ್ಡದಿತ್ತು.

ಮನೆಯಲ್ಲಿ ನನಗೆ ಆಸರೆಯಾದದ್ದು ಸೆರಗು. ಅತ್ತೆಯವರ ಮುಂದೆ, ಮನೆಗೆ ಬಂದ ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಹೊದೆಯುವುದು ನಮ್ಮ ಮನೆಯ ರೂಢಿ. ಕಾನ್ವೆಂಟಿನಲ್ಲಿ ಓದಿ ಬಂದವಳು ಹೊದೆಯುತ್ತಾಳೋ ಇಲ್ಲವೋ ಎಂದು ಅತ್ತೆಗೆ ಮೊದಮೊದಲು ಅನುಮಾನವಿತ್ತಂತೆ. ಈಗ ಯಾರೂ ಹೇಳದೆಯೇ ಅದನ್ನು ಎಡಗಡೆ ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುವುದನ್ನು ಕಲಿತೆ. ಅತ್ತೆ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದರು.

ಆ ವರ್ಷವೇ ಕಮತಗಿಯಲ್ಲಿ ತಮ್ಮ ಸಂಗಮೇಶನ ಹೆಂಡತಿ ವಿದ್ಯಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ಸೀರೆ, ಕುಬಸ ಕೊಟ್ಟು, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಆ ಕಾರ್ಯದಲ್ಲಿ ಗಂಡನ ಅಕ್ಕ ಮುಂದೆ ನಿಲ್ಲಬೇಕು. ನಾನೊಬ್ಬಳೇ ಅಕ್ಕ. ಇಳಕಲ್‌ನಲ್ಲಿ ಮೂರು ಅಂಗಡಿ ಸುತ್ತಿ, ಹಸಿರು ಒಡಲಿನ, ಕೆಂಪು ಸೆರಗಿನ ಸೀರೆ ಆರಿಸಿದ್ದೆ. ಉಬ್ಬಿದ ಗಂಟಿನ ಮೇಲೆ ಪೌಡರ್ ನಿಲ್ಲುವುದಿಲ್ಲ ಎಂದು ಗೊತ್ತಿದ್ದರೂ ಹಚ್ಚಿಕೊಂಡು ಹೋದೆ.

ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಕಣಕ ಮೆತ್ತಿದ್ದ ಕೈಯನ್ನು ಸೆರಗಿಗೆ ಒರೆಸುತ್ತ ನಿಂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ವಿದ್ಯಾನ ಅವ್ವಗ ಏನೋ ಅಂಜಿಕಿ ಐತಿ, ಶೈಲಾ. ಬಸರಿ ಹೆಂಗಸು ಏನ ನೋಡ್ತಾಳ ಅದು ಕೂಸಿಗೆ ಹತ್ತತೈತಿ ಅಂತಾರ. ನೀ ತಿಳದಾಕಿ. ಒಂದಿಷ್ಟು ಒಳಗ ಇರವಾ."

ನಾನು ಒಳಗಿದ್ದೆ. ಹೋಳಿಗೆ ಬೇಯಿಸಿದೆ. ಬಾಗಿಲ ಸಂದಿಯಿಂದ ಬಳೆಗಾರ್ತಿಯ ಮಾತು, ಹೆಂಗಸರ ನಗು ಕೇಳುತ್ತಿತ್ತು. ನನ್ನ ಚಿಕ್ಕಪ್ಪನ ಮಗಳು ನಾನು ತಂದ ಸೀರೆಯನ್ನು ವಿದ್ಯಾಳ ಉಡಿಗೆ ಹಾಕಿದಳು. ಯಾರೋ "ಸೀರಿ ಭಾಳ ಛಂದ ಐತಿ, ಯಾರ ಆರಿಸಿದ್ದು?" ಎಂದರು. ಉತ್ತರ ನನಗೆ ಕೇಳಿಸಲಿಲ್ಲ. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ದಿನವೂ ಗುದ್ದು ತಿಂದದ್ದು ಚಿಕ್ಕಪ್ಪನ ಮಗಳೇ. ನನಗೆ ಜ್ವರ ಎಂದು ಹೇಳಿ ನಾನು ಇಳಕಲ್‌ನಲ್ಲೇ ಉಳಿದೆ.

ಕೇಸು ಹಾಕುವ ಮಾತು ಎತ್ತಿದವರು ನನ್ನ ಯಜಮಾನರು ಮಹಾಂತೇಶ. ಇಳಕಲ್‌ನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ನಮಗೆ ಬಡಿದ ಗಾಡಿಗೆ ವಿಮೆ ಇತ್ತು. ಆಸ್ಪತ್ರೆ ಖರ್ಚಾದರೂ ಬರಲಿ, ತುಟಿಯ ಆಪರೇಷನ್‌ಗೆ ಹುಬ್ಬಳ್ಳಿಗೆ ಹೋಗಬಹುದು ಎಂದರು. ಹುನಗುಂದದ ವಕೀಲೆ ಅನ್ನಪೂರ್ಣಾ ಕಾನ್ವೆಂಟಿನಲ್ಲಿ ನನಗಿಂತ ಕೆಳಗಿನ ತರಗತಿಯಲ್ಲಿದ್ದವಳು. ಕೋರ್ಟಿನಲ್ಲಿ ಗಡಸಾಗಿ ಮಾತಾಡುವ ಅವಳು ನನ್ನನ್ನು ಈಗಲೂ ಶೈಲಕ್ಕ ಎನ್ನುತ್ತಾಳೆ. ಅವಳು ಮುಖದ ಫೋಟೊ ತೆಗೆಸಿ ಕಳಿಸಲು ಹೇಳಿದಳು.

ನಾವು ಎಂದಿನ ಸ್ಟುಡಿಯೊಕ್ಕೆ ಹೋದೆವು. ಮಗಳ ನಾಮಕರಣದ ಫೋಟೊದಿಂದ ಹಿಡಿದು ಎಲ್ಲವೂ ಅಲ್ಲಿಯದೇ. ವರ ನೋಡಲು ಕಳಿಸುವ ಹುಡುಗಿಯರ ಫೋಟೊ ತೆಗೆಯುವುದರಲ್ಲಿ ಆತ ಸುತ್ತಲಿನ ಊರಿಗೆಲ್ಲ ಹೆಸರಾದವನು. ನನ್ನನ್ನು ನೋಡಿ ಆತನಿಗೆ ಮರುಕ ಬಂದಿರಬೇಕು. ದೀಪ ಸರಿಸಿ ಸರಿಸಿ ತೆಗೆದ. ಯಜಮಾನರು ಮರುದಿನ ಲಕೋಟೆ ಇಸಿದುಕೊಂಡು ನೇರವಾಗಿ ಹುನಗುಂದಕ್ಕೆ ಮುಟ್ಟಿಸಿ ಬಂದರು. ಹೇಗೆ ಬಂದಿವೆ ಎಂದು ಕೇಳಿದ್ದಕ್ಕೆ "ಛಂದ ಬಂದಾವ" ಎಂದರು. ಮುಖದ ಗಾಯದ ಫೋಟೊ ಛಂದ ಬರಬಾರದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ವಿಮಾ ಕಂಪನಿಯವರ ಉತ್ತರ ಇಂಗ್ಲಿಷಿನಲ್ಲಿ ಬಂತು. ಅರ್ಜಿದಾರರು ಗೃಹಿಣಿ, ಅವರಿಗೆ ದುಡಿಮೆಯಿಲ್ಲ, ಆದ್ದರಿಂದ ಮುಖದ ಗುರುತಿನಿಂದ ನಷ್ಟವಿಲ್ಲ. ಅವರಿಗೆ ಈಗಾಗಲೇ ಮದುವೆಯಾಗಿದೆ, ಆದ್ದರಿಂದ ಆ ಬಗೆಯ ನಷ್ಟವೂ ಇಲ್ಲ. ಬಾಯಿ ತೆರೆಯುತ್ತದೆ, ಕಣ್ಣು ಮುಚ್ಚುತ್ತದೆ. ಅಚ್ಚುಕಟ್ಟಾದ, ತಪ್ಪಿಲ್ಲದ ಇಂಗ್ಲಿಷು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದ ನಮ್ಮ ಸಿಸ್ಟರ್ ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಸೇಬು ತಂದವರ ಮಾತೇ ಟೈಪಾಗಿ, ಸೀಲು ಒತ್ತಿಸಿಕೊಂಡು ನನ್ನ ಮುಂದೆ ಬಂದು ಕೂತಿತ್ತು. ಅಲ್ಲಿಯವರೆಗೆ ನನಗೆ ಕೇಸು ಎಂದರೆ ಯಜಮಾನರ ಕೆಲಸ. ಆ ಹಾಳೆ ಓದಿದ ಮೇಲೆ ಅದು ನನ್ನದಾಯಿತು.

ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರು. ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದರು. ಆಸ್ಪತ್ರೆ ಬಿಲ್ಲು ಹೋಗಿ ಕೈಯಲ್ಲಿ ಅಷ್ಟಿಷ್ಟು ಉಳಿಯುವಂತಿತ್ತು. ಯಜಮಾನರು ದಣಿದಿದ್ದರು. ಅಂಗಡಿ ಮುಚ್ಚಿ ಮುಚ್ಚಿ ಗಿರಾಕಿಗಳು ಬೇರೆ ಕಡೆ ಹೊರಳಿದ್ದರು. ಸಹಿ ಮಾಡು ಎಂದು ಅವರು ಒತ್ತಾಯಿಸಲಿಲ್ಲ, ಪೆನ್ನನ್ನು ಮಾತ್ರ ನನ್ನ ಕಡೆ ಸರಿಸಿದರು. ಇದರಲ್ಲಿ ಮುಖದ್ದು ಎಷ್ಟು ಎಂದು ನಾನು ಕೇಳಿದೆ. ಹಾಗೆ ಬೇರೆ ಬೇರೆ ಇರುವುದಿಲ್ಲ, ಎಲ್ಲಾ ಕೂಡಿಸಿಯೇ ಎಂದರು ಅಲ್ಲಿದ್ದವರು.

"ಹಂಗಾದ್ರ ಮುಖದ್ದು ಏನೂ ಇಲ್ಲಂತ ಆತು," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸಹಿ ಮಾಡದೆ ಎದ್ದೆ.

ಹೊರಗೆ ಬಂದ ಮೇಲೆ ಯಜಮಾನರು ಮಂಡಕ್ಕಿ ಗಿರಮಿಟ್ಟು ತಿನ್ನುತ್ತೀಯಾ ಎಂದು ಕೇಳಿದರು. ನನಗೆ ಮಂದಿಯೆದುರು ತಿನ್ನುವುದು ಕಷ್ಟ ಎಂದು ಅವರಿಗೆ ಗೊತ್ತು. ಕಟ್ಟಿಸಿಕೊಂಡು ಬಂದು, ನಾನು ಕಾರಿನೊಳಗೆ ತಿನ್ನುವವರೆಗೂ ಅವರು ಕಿಟಕಿಗೆ ಬೆನ್ನು ಕೊಟ್ಟು ಹೊರಗೆ ನಿಂತರು.

ಸಾಕ್ಷಿಯ ದಿನಕ್ಕೆ ಮುಂಚೆ ಅನ್ನಪೂರ್ಣಾ ನನ್ನನ್ನು ಕೂರಿಸಿಕೊಂಡು ಕೇಳಿದಳು, ಈ ಗುರುತಿನಿಂದ ಏನು ಕಳೆದುಕೊಂಡೆ ಎಂದು. ನೋವು, ಇಂಜೆಕ್ಷನ್, ಸೋರುವ ಚಹಾ ಎಲ್ಲ ಹೇಳಿದೆ. ಅವಳು ಬರೆದುಕೊಳ್ಳುತ್ತಲೇ ಇದ್ದಳು. ನಮ್ಮ ಬಗ್ಗೆ ನಾವು ಹೇಳಿಕೊಳ್ಳಬಾರದು, ಮನೆಯ ಮಾತು ಹೊರಗೆ ಆಡಬಾರದು ಎಂದು ಸಿಸ್ಟರೂ ಕಲಿಸಿದ್ದರು, ಅವ್ವನೂ ಕಲಿಸಿದ್ದಳು. ಆದರೂ ಕುಬಸದ ದಿನದ್ದು ಬಾಯಿಗೆ ಬಂದುಬಿಟ್ಟಿತು. ಅನ್ನಪೂರ್ಣಾ ಪೆನ್ನು ಕೆಳಗಿಟ್ಟಳು.

"ಶೈಲಕ್ಕ, ಇದನ್ನ ಜಡ್ಜ್ ಸಾಹೇಬರ ಮುಂದ ಹೇಳಬೇಕು."

"ಅವ್ವನ ಹೆಸರ ಬರತೈತಿ."

"ಬರತೈತಿ. ಆದ್ರ ಹೇಳದಿದ್ರ, ಲಗ್ನ ಆದಾಕಿಗೆ ಏನೂ ಕಳದಿಲ್ಲ ಅಂತ ಅವರು ಬರದದ್ದೇ ಖರೆ ಆಗತೈತಿ."

ಒಂದು ವಾರ ಅದನ್ನೇ ಯೋಚಿಸಿದೆ. ದಿನಾ ಸಂಜೆ ಪೂಜೆ ಮುಗಿಸಿ ಅವ್ವ ಫೋನು ಮಾಡುತ್ತಿದ್ದಳು. ಏನು ಅಡುಗೆ, ಮೊಮ್ಮಗಳು ಉಂಡಳೋ ಎಂದು ಕೇಳುತ್ತಿದ್ದಳು. ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಆಗಲಿಲ್ಲ.

ಸಾಕ್ಷಿಯ ದಿನ ಅತ್ತೆ ತಾವೂ ಬರುತ್ತೇನೆಂದು ಹೊರಟರು. ಹಣೆಗೆ ವಿಭೂತಿ ಹಚ್ಚಿ, ಒಳ್ಳೆಯ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಹುನಗುಂದದ ಕೋರ್ಟಿನ ವರಾಂಡದಲ್ಲಿ ಪಕ್ಕದ ಮುದುಕರೊಬ್ಬರು ಯಾವ ಕೇಸು ಎಂದು ಕೇಳಿದರು. "ಹೊಲದ್ದಲ್ಲ, ಮನಿದ್ದಲ್ಲ. ನಿಮಗ ಹೇಳಿದ್ರ ತಿಳಿಯೂದಿಲ್ಲ, ನೀವು ಗಂಡಸರು," ಎಂದು ಅತ್ತೆ ಅವರಿಗೊಂದು ರೊಟ್ಟಿ ಕೊಟ್ಟು ಸುಮ್ಮನಾಗಿಸಿದರು.

ಕಂಪನಿಯ ವಕೀಲರು ವಯಸ್ಸಾದವರು, ಸೌಮ್ಯ ದನಿಯವರು. ನನ್ನನ್ನು ತಂಗೀ ಎಂದೇ ಕರೆದರು. ಮೊದಲು ಫೈಲಿನಿಂದ ನನ್ನ ಫೋಟೊ ತೆಗೆದು ಎತ್ತಿ ತೋರಿಸಿದರು. ನಾನು ಅದನ್ನು ನೋಡಿದ್ದು ಆಗಲೇ. ಸ್ಟುಡಿಯೊದವನು ವಧುಗಳ ಮೊಡವೆ ಅಳಿಸುವಂತೆ ನನ್ನ ಗಂಟುಗಳನ್ನೂ ನಯ ಮಾಡಿದ್ದ. ಕೆನ್ನೆಯ ಮೇಲೆ ಒಂದು ಮಸುಕು ಗೆರೆ, ಅಷ್ಟೇ. ಬಣ್ಣವೂ ಒಂದಿಷ್ಟು ಬೆಳ್ಳಗಾಗಿತ್ತು. ಇದು ನೀವೇ ಕೊಟ್ಟ ಫೋಟೊ ಅಲ್ಲವೇ, ಇದರಲ್ಲಿ ವಿರೂಪ ಎಲ್ಲಿದೆ ಎಂದು ವಕೀಲರು ಕೇಳಿದರು. ಅನ್ನಪೂರ್ಣಾ ಎದ್ದು ನಿಂತಳು. ಯಜಮಾನರು ತಲೆ ತಗ್ಗಿಸಿದರು.

ಸಾಹೇಬರು ಫೋಟೊವನ್ನು ನೋಡಿದರು, ನನ್ನನ್ನು ನೋಡಿದರು. ನಾನು ರೂಢಿಯಂತೆ ಸೆರಗು ಹೊದ್ದು, ಎಡಗಡೆ ಮುಂದಕ್ಕೆಳೆದುಕೊಂಡು ನಿಂತಿದ್ದೆ.

"ಸೆರಗು ಸ್ವಲ್ಪ ಸರಿಸ್ತೀರೇನಮ್ಮಾ?"

ನನ್ನ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಅತ್ತೆಯ ಮುಂದೆ, ಇಷ್ಟು ಗಂಡಸರ ನಡುವೆ, ಹೇಗೆ ತೆಗೆಯಲಿ? ಅತ್ತೆ ನನ್ನನ್ನೇ ನೋಡುತ್ತಿದ್ದರು. ಏನನ್ನೋ ಅರ್ಥಮಾಡಿಕೊಂಡವರಂತೆ ನಿಧಾನವಾಗಿ ಹೊರಳಿ, ಕಿಟಕಿಯ ಕಡೆ ಮುಖ ಮಾಡಿ ಕೂತರು. ಅವರು ನೋಡದಿದ್ದರೆ ನಾನು ಅವರ ಮುಂದೆ ಸೆರಗು ತೆಗೆದಂತೆ ಆಗುವುದಿಲ್ಲವಲ್ಲ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಬೇವಿನ ಮರ ಮತ್ತು ನಿಲ್ಲಿಸಿದ ಬೈಕುಗಳು. ಅತ್ತೆ ಅವನ್ನೇ ಗಮನವಿಟ್ಟು ನೋಡತೊಡಗಿದರು.

ನಾನು ಸೆರಗನ್ನು ಹೆಗಲಿಗೆ ಇಳಿಸಿದೆ. ಕಿಟಕಿಯ ಬೆಳಕು ಎಡ ಕೆನ್ನೆಗೆ ಬೀಳುವಂತೆ ತಿರುಗಿದೆ. ಸಾಹೇಬರು ನೋಡಿ, ತಲೆಯಾಡಿಸಿ, ಟೈಪಿಸ್ಟನಿಂದ ಏನೋ ಬರೆಸಿದರು. ಬರೆಸುವಾಗ ಅವರ ದನಿ ತಗ್ಗಿತ್ತು.

ಆಮೇಲೆ ಅನ್ನಪೂರ್ಣಾ ಕೇಳಿದ್ದಕ್ಕೆ ಕುಬಸದ ದಿನದ್ದನ್ನು ಹೇಳಿದೆ. ಸೀರೆ ಆರಿಸಿದ್ದು, ಒಳಗಿದ್ದದ್ದು, ತೊಟ್ಟಿಲ ದಿನ ಹೋಗದೆ ಉಳಿದದ್ದು. ಕಂಪನಿಯ ವಕೀಲರು ಮತ್ತೆ ಎದ್ದರು.

"ಒಳಗ ಇರು ಅಂತ ಯಾರ ಹೇಳಿದ್ರು, ತಂಗಿ?"

ಟೈಪಿಸ್ಟನ ಬೆರಳು ನಿಂತು ಕಾಯುತ್ತಿತ್ತು.

"ನಮ್ಮವ್ವ."

"ಹಂಗಾದ್ರ ಅದು ನಿಮ್ಮ ಅವ್ವಾರ ತಪ್ಪಾತು. ನಿಮ್ಮ ಮಂದಿ ನಿಮ್ಮನ್ನ ದೂರ ಇಟ್ರ ಅದಕ್ಕ ಕಂಪನಿ ಯಾಕ ಹೊಣಿ ಆಗಬೇಕು?"

ಅವ್ವನ ಕೈ ನೆನಪಾಯಿತು, ಒರೆಸಿದ್ದನ್ನೇ ಒರೆಸುತ್ತಿದ್ದ ಕೈ.

"ಈ ಗಾಡಿ ಬಡಿಯೂಕಿಂತ ಮೊದಲ ನಮ್ಮವ್ವ ನನ್ನ ಎಂದೂ ಒಳಗ ಕುಂಡರಿಸಿದ್ದಿಲ್ರಿ," ಎಂದೆ.

ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕೂತರು. ನಾನು ಸೆರಗು ಹೊದ್ದುಕೊಂಡ ಮೇಲೆಯೇ ಅತ್ತೆ ಈ ಕಡೆ ಹೊರಳಿದರು.

ಸುದ್ದಿ ಕಮತಗಿಗೆ ಮುಟ್ಟಲು ತಡವಾಗಲಿಲ್ಲ. ಸಂಗಮೇಶ ಫೋನು ಮಾಡಿ, ಕೋರ್ಟಿನಲ್ಲಿ ಅವ್ವನ ಮಾನ ಕಳೆದೆ ಎಂದ. ಅವತ್ತಿನಿಂದ ಸಂಜೆಯ ಫೋನು ನಿಂತಿತು. ನಾನೇ ಮಾಡಿದರೆ ವಿದ್ಯಾ ಎತ್ತಿ, ಅವ್ವ ಪೂಜೆಗೆ ಕೂತಿದ್ದಾಳೆ ಎನ್ನುತ್ತಿದ್ದಳು. ಅವಳ ದನಿಯಲ್ಲಿ ನನ್ನ ಬಗ್ಗೆ ಸಿಟ್ಟಿರಲಿಲ್ಲ. ಒಮ್ಮೆ ಮೆಲ್ಲಗೆ, "ಅಕ್ಕಾರ, ನೀವು ಮುಂದ ಬರೂದು ಬ್ಯಾಡ ಅಂತ ನಾ ಅಂದಿದ್ದಿಲ್ರಿ," ಎಂದು ಹೇಳಿ ಇಟ್ಟುಬಿಟ್ಟಳು. ಆ ತಿಂಗಳುಗಳು ನನಗೆ ಹೊಲಿಗೆಯ ದಿನಗಳಿಗಿಂತ ಕಷ್ಟವಾದವು. ಹೇಳಬಾರದಿತ್ತೇನೋ ಎಂದು ಒಂದು ದಿನ ಅನ್ನಿಸುತ್ತಿತ್ತು, ಹೇಳಿದ್ದೇ ಸರಿ ಎಂದು ಮರುದಿನ. ಅತ್ತೆ ಮಾತ್ರ ದಿನಾ ಸಂಜೆ ಆ ಹೊತ್ತಿಗೆ ಸರಿಯಾಗಿ ಏನಾದರೂ ಕೆಲಸಕ್ಕೆ ನನ್ನನ್ನು ಕರೆಯುತ್ತಿದ್ದರು. ಕಾಳು ಆರಿಸು, ಬತ್ತಿ ಹೊಸೆ ಎಂದು.

ಆದೇಶ ಬಂದಾಗ ಮಳೆಗಾಲ. ನಾವು ಕೇಳಿದಷ್ಟು ಸಿಗಲಿಲ್ಲ, ರಾಜಿಯಲ್ಲಿ ಕೊಡಲು ಬಂದದ್ದಕ್ಕಿಂತ ಹೆಚ್ಚು ಸಿಕ್ಕಿತು. ಹುಬ್ಬಳ್ಳಿಯ ಡಾಕ್ಟರು ತುಟಿಯನ್ನು ಬಿಡಿಸಬಹುದು, ಗೆರೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ತುಟಿಯ ಆಪರೇಷನ್ ಆಯಿತು. ಈಗ ಚಹಾ ಸೋರುವುದಿಲ್ಲ. ಗುರುತು ಇದೆ.

ಆಪರೇಷನ್ ಮುಗಿಸಿ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ಒಬ್ಬಳೇ ಬಸ್ಸಿನಲ್ಲಿ ಬಂದಳು. ಅತ್ತೆ ಅವಳಿಗೆ ಕಾಲಿಗೆ ನೀರು ಕೊಟ್ಟರು. ಬೀಗತಿಯರಿಬ್ಬರೂ ಹವಾ, ಮಳೆ ಎಲ್ಲ ಮಾತಾಡಿದರು. ನಂತರ ಅತ್ತೆ ತಮಗೆ ಅಡ್ಡಾಗಬೇಕು ಎಂದು ಎದ್ದುಹೋದರು. ಅವರು ಹಗಲು ಮಲಗುವವರಲ್ಲ.

ಅವ್ವ ನನ್ನ ತುಟಿಯನ್ನು ನೋಡಿ, ನೋವು ಇದೆಯೇ ಎಂದು ಕೇಳಿದಳು. ಇಲ್ಲವೆಂದೆ.

"ಕೋರ್ಟಿನವರು ಏನ ಬರದಾರ? ನನಗ ಓದಿ ಹೇಳು."

ಆದೇಶ ಇಂಗ್ಲಿಷಿನಲ್ಲಿತ್ತು. ನಾನು ತಂದು, ಓದುತ್ತ, ಕನ್ನಡ ಮಾಡಿ ಹೇಳುತ್ತ ಹೋದೆ. ಟಂಟಂ, ಗಾಡಿ, ಆಸ್ಪತ್ರೆ, ಡಾಕ್ಟರ ಹೇಳಿಕೆ. ಅವ್ವ ಪ್ರತಿ ಸಾಲಿಗೂ ಹೂಂಗುಟ್ಟಿದಳು. ಆ ಪುಟ ಬಂತು. ನಾನು ನಿಲ್ಲಿಸಿ, ನೀರು ತರಲೇ ಎಂದು ಕೇಳಿದೆ. ಬಿಟ್ಟು ಮುಂದೆ ಓದಿದರೆ ಅವಳಿಗೆ ತಿಳಿಯುವಂತಿರಲಿಲ್ಲ.

ಅವ್ವ ಹಾಳೆಯ ಮೇಲೆ ಅಂಗೈ ಇಟ್ಟಳು.

"ಇಲ್ಲೇ ನಾ ಅದೀನಿ, ಹೌದಲ್ಲ?"

ನಾನು ಪುಟದ ಮೂಲೆ ಹಿಡಿದು ತಿರುವಲು ಹೋದೆ.

"ಬಿಡಬ್ಯಾಡ. ಎಲ್ಲಾರೂ ಓದ್ಯಾರ. ನಾ ಒಬ್ಬಾಕೀನ ಕೇಳಿಲ್ಲ. ಓದು."

ಅವಳು ಕೈ ತೆಗೆದಳು. ನಾನು ಓದಿದೆ. ತಮ್ಮನ ಹೆಂಡತಿಯ ಕುಬಸದಲ್ಲಿ ಅರ್ಜಿದಾರರನ್ನು ಅವರ ಸ್ವಂತ ತಾಯಿಯೇ ಒಳಗಿರಲು ಹೇಳಿದ್ದಾರೆ. ಅಪಘಾತಕ್ಕೆ ಮೊದಲು ಹಾಗೆ ಎಂದೂ ಆಗಿರಲಿಲ್ಲ. ಮಗಳನ್ನು ಪ್ರೀತಿಸುವ ತಾಯಿಯೇ ಹೀಗೆ ಮಾಡಬೇಕಾಗಿ ಬಂದಿದ್ದರೆ, ಮದುವೆಯಾಗಿದೆ ಎಂಬ ಕಾರಣಕ್ಕೆ ಈ ಗಾಯದಿಂದ ನಷ್ಟವಿಲ್ಲ ಎನ್ನಲಾಗದು. ಅವ್ವ ಹೂಂಗುಟ್ಟಲಿಲ್ಲ. ಮೂಗಿನ ತುದಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ಖರೇನ ಬರದಾರ," ಎಂದಳು. ಹಾಳೆಯ ಕಡೆ ಗದ್ದ ಎತ್ತಿ ಕೇಳಿದಳು, "ಮುಂದ?"

ಮುಂದಿನ ಸಾಲು ನನ್ನ ಮುಖದ್ದಾಗಿತ್ತು. ಅದಕ್ಕೆ ಎಷ್ಟು ಹಣ ಎಂದು ಬೇರೆಯಾಗಿಯೇ ಬರೆದಿದ್ದರು. ಅದನ್ನೂ ಓದಿದೆ.